ಜಾಲತಾಣದ ಟೆಂಪ್ಲೇಟ್ ಫ್ರೇಮ್‌ವರ್ಕನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡುವುದು ಹೇಗೆ?

ನಾಲ್ಕಾರು ಜಾಲತಾಣಗಳನ್ನು ಕಟ್ಟಿಕೊಟ್ಟ ಯಾವ ಡೆವಲಪರ್ ಬಳಿಯಾದರೂ ಮೆನು, ಗ್ರಿಡ್, ಬಟನ್, ಫಾರ್ಮ್, ಪುಟದ ತಲೆಭಾಗ ಮತ್ತು ಅಡಿಭಾಗಗಳ ಒಂದು ಸಿದ್ಧ ಸಂಗ್ರಹ ತಾನಾಗಿಯೇ ಬೆಳೆದಿರುತ್ತದೆ. ಹೊಸ ಕೆಲಸ ಬಂದಾಗ ಹಳೆಯ ಫೋಲ್ಡರನ್ನು ನಕಲಿಸಿ, ಬಣ್ಣ ಮತ್ತು ಲೋಗೊ ಬದಲಿಸಿ ಮುಂದುವರಿಯುವುದು ಎಲ್ಲರ ರೂಢಿ. ಈ ಸಂಗ್ರಹಕ್ಕೆ ಹೆಸರಿಡುವ ಕ್ರಮ, ಕಡತಗಳ ಜೋಡಣೆ, ಬದಲಿಸಬಹುದಾದ ಜಾಗಗಳ ಗುರುತು ಇವೆಲ್ಲ ಬಂದಾಗ ಅದು ಟೆಂಪ್ಲೇಟ್ ಫ್ರೇಮ್‌ವರ್ಕ್ ಆಗುತ್ತದೆ. ಬೂಟ್‌ಸ್ಟ್ರಾಪ್ ಎಂಬ ಜನಪ್ರಿಯ ಫ್ರೇಮ್‌ವರ್ಕ್ ಹುಟ್ಟಿದ್ದೂ ಇದೇ ದಾರಿಯಲ್ಲಿ: ಟ್ವಿಟರ್ ಕಂಪನಿಯ ಒಳಗಿನ ಉಪಕರಣಗಳಿಗೆಂದು ಮಾರ್ಕ್ ಒಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ರೂಪಿಸಿದ್ದನ್ನು 2011ರ ಆಗಸ್ಟ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಿಡಲಾಯಿತು. ನಿಮ್ಮ ಬಳಿ ಇರುವ ಅಂಥ ಸಂಗ್ರಹವನ್ನು ಎಲ್ಲರಿಗೂ ತೆರೆದಿಡಲು ಏನೇನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬುದು ಈ ಲೇಖನದ ವಿಷಯ.

ಶುರುವಿನಲ್ಲೇ ಒಂದು ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಹೆಚ್ಚಿನ ತೀರ್ಮಾನಗಳಿಗೆ ಅದೇ ಆಧಾರ. ಡೇಟಾಬೇಸ್ ತಂತ್ರಾಂಶವೊಂದನ್ನು ನಾವು ಬಳಸಿದಾಗ ಅದು ನಮ್ಮ ಕೃತಿಯಿಂದ ಬೇರೆಯಾಗಿಯೇ ಉಳಿಯುತ್ತದೆ. ಟೆಂಪ್ಲೇಟ್ ಹಾಗೆ ಉಳಿಯುವುದಿಲ್ಲ. ಪುಟದ ರಚನೆ ಹೇಳುವ ನಿಮ್ಮ ಎಚ್‌ಟಿಎಂಎಲ್ ಸಾಲುಗಳು, ರೂಪ ಹೇಳುವ ಸಿಎಸ್‌ಎಸ್ ನಿಯಮಗಳು, ಐಕಾನ್‌ಗಳು ಬಳಕೆದಾರರ ಬರಹದೊಂದಿಗೆ ಬೆರೆತು, ಅವರ ಪುಟದ ಭಾಗವಾಗಿ, ಆ ಪುಟ ತೆರೆಯುವ ಪ್ರತಿಯೊಬ್ಬರ ಬ್ರೌಸರಿಗೂ ಹೋಗುತ್ತವೆ. ಆದ್ದರಿಂದ ಅದರ ಒಡೆತನ ಯಾರದು, ಅದರೊಳಗೆ ಪರರ ಸ್ವತ್ತು ಏನಿದೆ, ಅದರ ಮೇಲಿನ ಷರತ್ತು ಬಳಕೆದಾರರ ಜಾಲತಾಣಕ್ಕೂ ಅಂಟುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಬಿಡುಗಡೆಗೆ ಮುನ್ನವೇ ಉತ್ತರ ಸಿದ್ಧವಿರಬೇಕು.

ಹಂತ 1: ಕೋಡ್ ನಿಮ್ಮದೇ ಎಂದು ಖಾತ್ರಿಪಡಿಸಿಕೊಳ್ಳಿ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಬರುತ್ತದೆ. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ. ಆದರೆ ನೌಕರಿಯ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಉದ್ಯೋಗದಾತರದು ಎಂದು ಕಾಯ್ದೆಯ 17ನೆಯ ಕಲಂ ಹೇಳುತ್ತದೆ. ರಾತ್ರಿ ಮನೆಯಲ್ಲಿ ಕುಳಿತು ಬರೆದೆ ಎಂಬ ಕಾರಣಕ್ಕೇ ಅದು ನಿಮ್ಮದಾಗಿಬಿಡುವುದಿಲ್ಲ. ನೇಮಕಾತಿ ಪತ್ರದಲ್ಲಿ ಏನು ಬರೆದಿದೆ, ಕಂಪನಿಯ ಲ್ಯಾಪ್‌ಟಾಪ್ ಬಳಸಿದ್ದೀರೇ, ಕೆಲಸದ ವಿಷಯಕ್ಕೂ ಅದಕ್ಕೂ ನಂಟಿದೆಯೇ ಎಂಬುದನ್ನೆಲ್ಲ ನೋಡಬೇಕಾಗುತ್ತದೆ. ಬೆಂಗಳೂರಿನ ಬಹುಪಾಲು ತಂತ್ರಾಂಶ ಕಂಪನಿಗಳ ನೇಮಕಾತಿ ಪತ್ರದಲ್ಲಿ ಬೌದ್ಧಿಕ ಸ್ವತ್ತಿನ ಬಗ್ಗೆ ಒಂದು ಪ್ಯಾರಾ ಇದ್ದೇ ಇರುತ್ತದೆ. ಅದನ್ನು ಓದದೆ ಸಹಿ ಮಾಡಿದವರೇ ಹೆಚ್ಚು. ಬಿಡುಗಡೆಗೆ ಮುಂಚೆಯಾದರೂ ಓದಿ.

ಸ್ವತಂತ್ರವಾಗಿ ಕೆಲಸ ಮಾಡುವವರ ಸ್ಥಿತಿ ಸ್ವಲ್ಪ ಬೇರೆ. ಗಿರಾಕಿಗೆ ಹಕ್ಕನ್ನು ವರ್ಗಾಯಿಸಬೇಕಾದರೆ ಅದು ಲಿಖಿತವಾಗಿರಬೇಕು ಎಂದು 19ನೆಯ ಕಲಂ ಹೇಳುತ್ತದೆ. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಭಾವಿಸಲಾಗುತ್ತದೆ. ಹಾಗಾಗಿ ಹಳೆಯ ಒಪ್ಪಂದಗಳನ್ನು ಹುಡುಕಿ ತೆಗೆದು, ಯಾವ ಭಾಗವನ್ನು ಯಾರಿಗೆ ಬರೆದುಕೊಟ್ಟಿದ್ದೀರಿ ಎಂದು ನೋಡಿ. ಮುಂದಿನ ಒಪ್ಪಂದಗಳಲ್ಲಿ, ಫ್ರೇಮ್‌ವರ್ಕಿನ ಮೂಲಭಾಗದ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ಗಿರಾಕಿಗಾಗಿ ವಿಶೇಷವಾಗಿ ಮಾಡಿದ ವಿನ್ಯಾಸ ಮಾತ್ರ ಅವರದು ಎಂಬ ಒಂದು ವಾಕ್ಯ ಸೇರಿಸಿಕೊಂಡರೆ ಮುಂದೆ ತಕರಾರಿಗೆ ಎಡೆ ಇರುವುದಿಲ್ಲ.

ಉದ್ಯೋಗದಾತರ ಅನುಮತಿ ಬೇಕೆನಿಸಿದರೆ ಬಾಯಿಮಾತಿನ ಒಪ್ಪಿಗೆಗೆ ನಿಲ್ಲಬೇಡಿ. ಯೋಜನೆಯ ಹೆಸರು, ಯಾವ ದಿನಾಂಕದವರೆಗಿನ ಕೋಡ್, ಯಾವ ಪರವಾನಗಿಯಡಿ ಬಿಡುಗಡೆ ಎಂಬ ಮೂರು ವಿವರ ಇರುವ ಒಂದು ಪುಟದ ಪತ್ರಕ್ಕೆ, ಸಹಿ ಮಾಡುವ ಅಧಿಕಾರ ಇರುವವರಿಂದ ಸಹಿ ಪಡೆಯಿರಿ. ನಿಮ್ಮ ತಂಡದ ನಾಯಕರಿಗೆ ಆ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ.

ಹಂತ 2: ಸೋಸಿ, ಬೇರ್ಪಡಿಸಿ

ಈಗ ರೆಪೊವನ್ನು (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸ ಇರುವ ಸಂಗ್ರಹವನ್ನು) ತೆರೆದು ಒಂದೊಂದೇ ಫೋಲ್ಡರನ್ನು ನೋಡಿ. ಗಿರಾಕಿಗಳ ಹೆಸರು, ಲೋಗೊ, ಫೋನ್ ನಂಬರ್, ಗೂಗಲ್ ಅನಲಿಟಿಕ್ಸ್ ಗುರುತು, ಮೇಲ್ ಸರ್ವರಿನ ಪಾಸ್‌ವರ್ಡ್, ನಕ್ಷೆ ಸೇವೆಯ ಕೀ ಇವು ಟೆಂಪ್ಲೇಟುಗಳ ಮೂಲೆಮೂಲೆಯಲ್ಲಿ ಅವಿತಿರುತ್ತವೆ. ಇಂದು ಅಳಿಸಿದರೂ, ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶದ ಇತಿಹಾಸದಲ್ಲಿ ಅವು ಹಾಗೆಯೇ ಉಳಿಯುತ್ತವೆ, ರೆಪೊ ಸಾರ್ವಜನಿಕವಾದ ಕೂಡಲೇ ಹಳೆಯ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಜಾಲಾಡುವ ಸ್ವಯಂಚಾಲಿತ ಪ್ರೋಗ್ರಾಮ್‌ಗಳಿಗೂ ಕಾಣಿಸುತ್ತವೆ. ಗಿಟ್ ಫಿಲ್ಟರ್ ರೆಪೊ ಎಂಬ ಉಪಕರಣದಿಂದ ಇತಿಹಾಸವನ್ನು ತಿದ್ದಿ ಬರೆಯಬಹುದು. ಆದರೆ ಟೆಂಪ್ಲೇಟ್ ಫ್ರೇಮ್‌ವರ್ಕಿನ ಮಟ್ಟಿಗೆ ಹಳೆಯ ಇತಿಹಾಸವನ್ನು ಖಾಸಗಿಯಾಗಿಯೇ ಇರಿಸಿ, ಸ್ವಚ್ಛವಾದ ಹೊಸ ರೆಪೊದಿಂದ ಆರಂಭಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದಾಗ ಹಳೆಯ ಸಹೋದ್ಯೋಗಿಗಳ ಹೆಸರು ಕಮಿಟ್‌ಗಳೊಂದಿಗೆ ಮಾಯವಾಗುತ್ತದೆ. ಅವರ ಒಪ್ಪಿಗೆ ಪಡೆದು ಲೇಖಕರ ಪಟ್ಟಿಯೊಂದನ್ನು ಪ್ರತ್ಯೇಕ ಕಡತದಲ್ಲಿ ಇಡುವುದು ನ್ಯಾಯ. ಯಾವ ದಾರಿ ಹಿಡಿದರೂ, ಒಮ್ಮೆ ರೆಪೊದೊಳಗೆ ಬಂದಿದ್ದ ಪ್ರತಿ ಕೀ ಮತ್ತು ಪಾಸ್‌ವರ್ಡನ್ನು ರದ್ದುಮಾಡಿ ಹೊಸದು ಮಾಡಿಕೊಳ್ಳಿ.

ಇನ್ನು ಪರರ ಸ್ವತ್ತು. ಕೋಡಿಗಿಂತ ಚಿತ್ರ ಮತ್ತು ಫಾಂಟುಗಳಲ್ಲೇ ತೊಡಕು ಹೆಚ್ಚು. ಮಾದರಿ ಪುಟದ ಬ್ಯಾನರಿಗೆಂದು ಇಳಿಸಿಕೊಂಡ ಫೋಟೊಗಳನ್ನು ಪರೀಕ್ಷಿಸಿ. ಅನ್‌ಸ್ಪ್ಲಾಶ್ ತಾಣ ಒಂದು ಕಾಲದಲ್ಲಿ ಎಲ್ಲ ಹಕ್ಕು ಬಿಟ್ಟುಕೊಡುವ, ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆಯ ಸಿಸಿ ಝೀರೋ ಷರತ್ತಿನಲ್ಲಿ ಚಿತ್ರ ಕೊಡುತ್ತಿತ್ತು. 2017ರಲ್ಲಿ ತನ್ನದೇ ಪರವಾನಗಿಗೆ ಬದಲಾಯಿತು. ಅದರಲ್ಲಿನ ನಿರ್ಬಂಧಗಳ ಕಾರಣದಿಂದ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಅಧಿಕೃತ ಥೀಮ್ ಸಂಗ್ರಹ ಅಂಥ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಫಾಂಟ್ ಆಸಮ್ ಐಕಾನ್‌ಗಳ ಉಚಿತ ಆವೃತ್ತಿಯಲ್ಲಿ ಮೂರು ಪರವಾನಗಿಗಳಿವೆ: ಐಕಾನ್ ಚಿತ್ರಗಳಿಗೆ ಸಿಸಿ ಬೈ 4.0, ಫಾಂಟ್ ಕಡತಗಳಿಗೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1, ಕೋಡಿಗೆ ಎಂಐಟಿ. ಒಂದೇ ಫೋಲ್ಡರಿನಲ್ಲಿ ಬಂದಿತೆಂದು ಎಲ್ಲಕ್ಕೂ ಒಂದೇ ನಿಯಮ ಎಂದುಕೊಳ್ಳುವಂತಿಲ್ಲ.

ಕನ್ನಡದ ಟೆಂಪ್ಲೇಟುಗಳಲ್ಲಿ ಫಾಂಟಿನ ಪ್ರಶ್ನೆ ಇನ್ನೂ ಸೂಕ್ಷ್ಮ. ವಿಂಡೋಸ್‌ನೊಂದಿಗೆ ಬರುವ ತುಂಗಾ ಅಥವಾ ನಿರ್ಮಲಾ ಯುಐ ಫಾಂಟಿನ ಹೆಸರನ್ನು ಸಿಎಸ್‌ಎಸ್‌ನಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಆದರೆ ಆ ಫಾಂಟ್ ಕಡತವನ್ನೇ ರೆಪೊದಲ್ಲಿಟ್ಟು ಹಂಚುವಂತಿಲ್ಲ. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ಲೋಹಿತ್ ಕನ್ನಡ ಇವು ಓಪನ್ ಫಾಂಟ್ ಲೈಸೆನ್ಸಿನಲ್ಲಿ ಸಿಗುವುದರಿಂದ ಅವನ್ನು ಫ್ರೇಮ್‌ವರ್ಕಿನ ಜೊತೆ ಕೊಡಬಹುದು, ಆದರೆ ಪರವಾನಗಿಯ ಪಠ್ಯವೂ ಅದೇ ಫೋಲ್ಡರಿನಲ್ಲಿ ಇರಬೇಕು ಮತ್ತು ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರಬಾರದು. ಕೆಲವು ಫಾಂಟುಗಳ ಕರ್ತೃಗಳು ಹೆಸರನ್ನು ಕಾಯ್ದಿರಿಸಿಕೊಂಡಿರುತ್ತಾರೆ. ಅಂಥವನ್ನು ಬದಲಿಸಿ ಹಂಚುವುದಾದರೆ ಹೊಸ ಹೆಸರಿಡಬೇಕು. ಕಡತ ಚಿಕ್ಕದಾಗಲೆಂದು ಬೇಡದ ಅಕ್ಷರಗಳನ್ನು ಕತ್ತರಿಸುವುದೂ ಬದಲಾವಣೆಯೇ.

ಹಂತ 3: ಪರವಾನಗಿ ಆಯ್ಕೆ

ಪರವಾನಗಿ ಇಲ್ಲದೆ ಕೋಡನ್ನು ಸಾರ್ವಜನಿಕವಾಗಿ ಇಟ್ಟರೆ ಅದು ಮುಕ್ತ ತಂತ್ರಾಂಶವಾಗುವುದಿಲ್ಲ. ಎಲ್ಲರೂ ನೋಡಬಹುದು, ಆದರೆ ಕಾನೂನಿನ ಪ್ರಕಾರ ನಕಲಿಸುವ, ಬದಲಿಸುವ ಅನುಮತಿ ಯಾರಿಗೂ ಇರುವುದಿಲ್ಲ. ಸ್ವಂತವಾಗಿ ಪರವಾನಗಿ ಬರೆಯಲು ಹೋಗುವುದು ಇದಕ್ಕಿಂತ ಕೆಟ್ಟದ್ದು. ‘ಉಚಿತವಾಗಿ ಬಳಸಿ, ವ್ಯಾಪಾರಕ್ಕೆ ಬಳಸಬೇಡಿ’ ಎಂದು ಸಾಲೊಂದನ್ನು ಸೇರಿಸಿದರೆ ಓಪನ್ ಸೋರ್ಸ್ ಇನಿಶಿಯೇಟಿವ್‌ನ ವ್ಯಾಖ್ಯೆಯಿಂದಲೂ, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ವ್ಯಾಖ್ಯೆಯಿಂದಲೂ ಅದು ಹೊರಗಾಗುತ್ತದೆ. ಸಹಕಾರ ಸಂಘದ ಜಾಲತಾಣ ವ್ಯಾಪಾರವೇ, ಜಾಹೀರಾತು ಇರುವ ಸಾಹಿತ್ಯ ಪತ್ರಿಕೆ ವ್ಯಾಪಾರವೇ ಎಂಬ ಜಗಳವೂ ಶುರುವಾಗುತ್ತದೆ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ತನ್ನ ಪರವಾನಗಿಗಳನ್ನು ತಂತ್ರಾಂಶಕ್ಕೆ ಬಳಸಬೇಡಿ ಎಂದು ಸಲಹೆ ಕೊಡುತ್ತದೆ; ಅವು ದಾಖಲೆ ಮತ್ತು ಚಿತ್ರಗಳಿಗೆ ಸರಿ.

ಉಳಿಯುವ ಮುಖ್ಯ ಆಯ್ಕೆಗಳು ಎರಡು ಬಗೆಯವು. ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಇವು ಸಡಿಲ ಪರವಾನಗಿಗಳು: ಕೃತಿಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡು ಏನು ಬೇಕಾದರೂ ಮಾಡಬಹುದು. ಜಿಪಿಎಲ್ ಬಗೆಯವು, ಬದಲಿಸಿ ಹಂಚುವವರು ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕೆಂದು ಕಟ್ಟುಪಾಡು ಹಾಕುತ್ತವೆ. ತಾತ್ವಿಕವಾಗಿ ಜಿಪಿಎಲ್ ಪರವಾಗಿರುವವರು ಟೆಂಪ್ಲೇಟಿಗೂ ಅದನ್ನೇ ಹಾಕಲು ಬಯಸುವುದು ಸಹಜ. ಆದರೆ ಬಳಕೆದಾರರ ಸ್ವಂತ ಬರಹದೊಂದಿಗೆ ಟೆಂಪ್ಲೇಟ್ ಬೆರೆತು ಹಂಚಿಕೆಯಾಗುತ್ತದೆ ಎಂಬ ಸಂಗತಿ ಇಲ್ಲಿ ಅಡ್ಡ ಬರುತ್ತದೆ. ಇದನ್ನು ಜಿಪಿಎಲ್‌ನ ಕರ್ತೃಗಳೇ ಗುರುತಿಸಿದ್ದಾರೆ: ಜಿಪಿಎಲ್ ಕುರಿತ ತನ್ನ ಪ್ರಶ್ನೋತ್ತರಗಳಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಪುಟಗಳನ್ನು ಹುಟ್ಟಿಸುವ ವ್ಯವಸ್ಥೆಗಳ ಟೆಂಪ್ಲೇಟುಗಳಿಗೆ ಸರಳವಾದ ಸಡಿಲ ಷರತ್ತುಗಳನ್ನೇ ಶಿಫಾರಸು ಮಾಡುತ್ತದೆ, ಅವುಗಳಲ್ಲಿ ಗಣನೀಯವಾದ ಜಾವಾಸ್ಕ್ರಿಪ್ಟ್ ಇದ್ದರೆ ಅದನ್ನು ಮಾತ್ರ ಬೇರೆಯಾಗಿ ನೋಡಬಹುದು ಎನ್ನುತ್ತದೆ.

ಈ ಸಮಸ್ಯೆ ಹೊಸದೇನೂ ಅಲ್ಲ. ಗ್ನೂ ಯೋಜನೆಯ ಬೈಸನ್ ಎಂಬ ಪಾರ್ಸರ್ ಜನಕ (ಪಠ್ಯದ ವ್ಯಾಕರಣ ಬಿಡಿಸುವ ಪ್ರೋಗ್ರಾಮನ್ನು ಹುಟ್ಟಿಸುವ ಉಪಕರಣ) ತನ್ನದೇ ಕೋಡಿನ ದೊಡ್ಡ ತುಂಡೊಂದನ್ನು ಪ್ರತಿ ಉತ್ಪನ್ನದೊಳಗೂ ಸೇರಿಸುತ್ತಿದ್ದುದರಿಂದ, ಆ ಉತ್ಪನ್ನವನ್ನು ಜಿಪಿಎಲ್ ಅಲ್ಲದ ಪ್ರೋಗ್ರಾಮ್‌ಗಳಲ್ಲಿ ಬಳಸುವಂತಿರಲಿಲ್ಲ. 1.24ನೆಯ ಆವೃತ್ತಿಯಲ್ಲಿ ಅದಕ್ಕೆ ವಿನಾಯಿತಿ ಕೊಡಬೇಕಾಯಿತು. ವರ್ಡ್‌ಪ್ರೆಸ್‌ನಲ್ಲಿ ವಾದ ಇನ್ನೊಂದು ದಿಕ್ಕಿನಿಂದ ಬಂತು: 2009ರಲ್ಲಿ ಸಾಫ್ಟ್‌ವೇರ್ ಫ್ರೀಡಮ್ ಲಾ ಸೆಂಟರ್ ಕೊಟ್ಟ ಅಭಿಪ್ರಾಯದ ಪ್ರಕಾರ ಥೀಮ್‌ನೊಳಗಿನ ಪಿಎಚ್‌ಪಿ ಭಾಗ ವರ್ಡ್‌ಪ್ರೆಸ್‌ನಿಂದ ಹುಟ್ಟಿದ ಕೃತಿಯಾದ್ದರಿಂದ ಜಿಪಿಎಲ್‌ಗೆ ಒಳಪಡುತ್ತದೆ, ಸಿಎಸ್‌ಎಸ್ ಮತ್ತು ಚಿತ್ರಗಳು ಒಳಪಡಬೇಕಿಲ್ಲ. ಆದ್ದರಿಂದ ನಿಮ್ಮ ಫ್ರೇಮ್‌ವರ್ಕ್ ವರ್ಡ್‌ಪ್ರೆಸ್ ಅಥವಾ ಡ್ರುಪಲ್ ಮೇಲೆ ನಿಂತಿದ್ದರೆ ಪರವಾನಗಿ ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ. ಜಿಪಿಎಲ್ 2 ಅಥವಾ ನಂತರದ ಆವೃತ್ತಿ ಎಂದು ಬರೆದು ಮುಂದೆ ಹೋಗಿ.

ಬೇರೆಯವರಿಗೆ ನನ್ನ ಸಲಹೆ ಎಂಐಟಿ. ಬೂಟ್‌ಸ್ಟ್ರಾಪ್ ಮೊದಲು ಅಪಾಚೆ 2.0 ಪರವಾನಗಿಯಲ್ಲಿತ್ತು. ಅಪಾಚೆ 2.0 ಜಿಪಿಎಲ್ 3ರ ಜೊತೆ ಹೊಂದುತ್ತದೆ, ಜಿಪಿಎಲ್ 2ರ ಜೊತೆ ಹೊಂದುವುದಿಲ್ಲ. 2014ರಲ್ಲಿ ಬಂದ 3.1.0 ಆವೃತ್ತಿಯಿಂದ ಬೂಟ್‌ಸ್ಟ್ರಾಪ್ ಎಂಐಟಿಗೆ ಬದಲಾಯಿತು. ಪೇಟೆಂಟ್ ಕುರಿತ ಸ್ಪಷ್ಟ ಅನುಮತಿ ಇರುವುದು ಅಪಾಚೆಯ ಲಾಭ, ಆದರೆ ಗ್ರಿಡ್ ಮತ್ತು ಬಟನ್‌ಗಳ ಸಂಗ್ರಹಕ್ಕೆ ಅದರ ಅಗತ್ಯ ಕಡಿಮೆ. ಹೊರಗಿನವರ ಕೊಡುಗೆಗಳು ಸೇರಿದ ಮೇಲೆ ಪರವಾನಗಿ ಬದಲಿಸಬೇಕಾದರೆ ಅವರೆಲ್ಲರ ಒಪ್ಪಿಗೆ ಬೇಕಾಗುವುದರಿಂದ ಈ ತೀರ್ಮಾನವನ್ನು ಮುಂದೂಡುವುದು ಜಾಣತನವಲ್ಲ.

ಎಂಐಟಿಯಲ್ಲೂ ಒಂದು ಎಳೆ ಉಳಿಯುತ್ತದೆ. ತಂತ್ರಾಂಶದ ಎಲ್ಲ ಪ್ರತಿಗಳಲ್ಲಿ ಅಥವಾ ಅದರ ಗಣನೀಯ ಭಾಗಗಳಲ್ಲಿ ಸೂಚನೆಯನ್ನು ಉಳಿಸಬೇಕು ಎಂಬುದು ಅದರ ಏಕೈಕ ಷರತ್ತು. ಬಳಕೆದಾರರು ನಕಲಿಸಿಕೊಂಡು ತಮ್ಮದಾಗಿ ಮಾಡಿಕೊಳ್ಳಲೆಂದೇ ಇರುವ ಆರಂಭಿಕ ಪುಟಗಳಲ್ಲಿ ಈ ಸೂಚನೆಯನ್ನು ಎಲ್ಲಿಡಬೇಕು? ಈ ಗೊಂದಲ ತಪ್ಪಿಸಲು ಫ್ರೇಮ್‌ವರ್ಕಿನ ತಿರುಳಿಗೆ ಎಂಐಟಿ, ಆರಂಭಿಕ ಪುಟಗಳಿಗೆ ಸೂಚನೆಯ ಷರತ್ತೂ ಇಲ್ಲದ ಎಂಐಟಿ ಝೀರೋ ಎಂದು ಎರಡು ಭಾಗ ಮಾಡಿ. ‘ಈ ಫ್ರೇಮ್‌ವರ್ಕಿನಿಂದ ಕಟ್ಟಿದ ಜಾಲತಾಣದ ವಿಷಯ ಮತ್ತು ವಿನ್ಯಾಸದ ಮೇಲೆ ನಮ್ಮ ಯಾವ ಹಕ್ಕೂ ಇಲ್ಲ’ ಎಂದು ರೀಡ್‌ಮಿ ಎಂಬ ಪರಿಚಯ ಕಡತದಲ್ಲಿ ಸ್ಪಷ್ಟವಾಗಿ ಬರೆಯಿರಿ. ಪುಟದ ಅಡಿಯಲ್ಲಿ ನಿಮ್ಮ ಹೆಸರಿನ ಕೊಂಡಿ ಇರಲೇಬೇಕೆಂದು ಒತ್ತಾಯಿಸುವ ಟೆಂಪ್ಲೇಟುಗಳು ಬಹಳ ಇವೆ. ಒತ್ತಾಯ ಹೆಚ್ಚಾದಷ್ಟೂ ಅದನ್ನು ಕಿತ್ತುಹಾಕುವವರೂ ಹೆಚ್ಚು. ಕೊಂಡಿಯನ್ನು ಕೊಡಿ, ಒಂದೇ ಸೆಟ್ಟಿಂಗಿನಿಂದ ತೆಗೆಯಲು ಬರುವಂತೆಯೂ ಮಾಡಿ.

ಹಂತ 4: ಪರವಾನಗಿಯನ್ನು ಕಡತಗಳಲ್ಲಿ ನಮೂದಿಸಿ

ರೆಪೊದ ಎಲ್ಲಕ್ಕೂ ಮೇಲಿನ (ರೂಟ್) ಫೋಲ್ಡರಿನಲ್ಲಿ ಲೈಸೆನ್ಸ್ ಎಂಬ ಹೆಸರಿನ ಕಡತದಲ್ಲಿ ಪೂರ್ತಿ ಪಠ್ಯ, ವರ್ಷ ಮತ್ತು ಹಕ್ಕುದಾರರ ಹೆಸರು ಇರಲಿ. ಪ್ರತಿ ಕೋಡ್ ಕಡತದ ಮೊದಲಲ್ಲಿ ಎಸ್‌ಪಿಡಿಎಕ್ಸ್ ಗುರುತಿನ (ಪರವಾನಗಿಯನ್ನು ಹೇಳುವ ಪ್ರಮಾಣಿತ ಚಿಕ್ಕ ಹೆಸರಿನ) ಒಂದು ಸಾಲು ಸಾಕು. ಸಿಎಸ್‌ಎಸ್ ಕಡತವನ್ನು ಕುಗ್ಗಿಸುವಾಗ ಉಪಕರಣಗಳು ಟಿಪ್ಪಣಿಗಳನ್ನು ಅಳಿಸುತ್ತವೆ, ಆದರೆ ಟಿಪ್ಪಣಿಯ ಆರಂಭದ ನಕ್ಷತ್ರ ಚಿಹ್ನೆಯ ಪಕ್ಕದಲ್ಲೇ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದನ್ನು ಸಾಮಾನ್ಯವಾಗಿ ಉಳಿಸುತ್ತವೆ. ಬೂಟ್‌ಸ್ಟ್ರಾಪ್‌ನ ಸಿಎಸ್‌ಎಸ್ ಕಡತದ ನೆತ್ತಿಯಲ್ಲಿ ಹೆಸರು, ಆವೃತ್ತಿ, ಪರವಾನಗಿ ಇರುವ ಅಂಥ ಟಿಪ್ಪಣಿಯನ್ನು ಕಾಣಬಹುದು. ಹೀಗೆ ಮಾಡಿದರೆ ಬಳಕೆದಾರರು ಏನೂ ಮಾಡದೆಯೇ ಪರವಾನಗಿಯ ಸೂಚನೆ ಕಡತದೊಂದಿಗೇ ಹೋಗುತ್ತದೆ. ಹೊರಗಿನಿಂದ ತಂದ ಪ್ರತಿ ಫಾಂಟ್, ಐಕಾನ್, ಚಿತ್ರದ ಮೂಲ ಮತ್ತು ಪರವಾನಗಿಯನ್ನು ಇನ್ನೊಂದು ಕಡತದಲ್ಲಿ ಪಟ್ಟಿ ಮಾಡಿ. ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ರೂಪಿಸಿದ ರೀಯೂಸ್ ಎಂಬ ಉಪಕರಣ ಯಾವ ಕಡತಕ್ಕೆ ಪರವಾನಗಿ ನಮೂದಾಗಿಲ್ಲ ಎಂದು ಹುಡುಕಿ ತೋರಿಸುತ್ತದೆ.

ಹಂತ 5: ಕನ್ನಡ ಪುಟವನ್ನು ಹಾಕಿ ಪರೀಕ್ಷಿಸಿ

ಹೆಚ್ಚಿನ ಫ್ರೇಮ್‌ವರ್ಕುಗಳ ಮಾದರಿ ಪುಟಗಳಲ್ಲಿ ಅರ್ಥವಿಲ್ಲದ ಲ್ಯಾಟಿನ್ ಪಠ್ಯ ತುಂಬಿರುತ್ತದೆ. ಕನ್ನಡಿಗರು ಬಳಸಬೇಕೆಂಬ ಆಸೆ ಇದ್ದರೆ ಮಾದರಿ ಪುಟದಲ್ಲಿ ನಿಜವಾದ ಕನ್ನಡ ಬರಹವೇ ಇರಲಿ, ಅದರಲ್ಲೂ ‘ರಾಷ್ಟ್ರೀಯ’, ‘ಸ್ತ್ರೀಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಮುಂತಾದ ಒತ್ತಿನ ಮೇಲೆ ಒತ್ತು ಬರುವ ಪದಗಳು ಶೀರ್ಷಿಕೆಯಲ್ಲೂ ಬಟನ್ನಿನಲ್ಲೂ ಇರಲಿ. ಇಂಗ್ಲಿಷಿಗೆ ಸಾಕಾಗುವ 1.2ರಷ್ಟು ಸಾಲಿನ ಎತ್ತರದಲ್ಲಿ, ಎರಡು ಸಾಲಿನ ಕನ್ನಡ ಶೀರ್ಷಿಕೆಯ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಬಟನ್ನಿಗೆ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿ, ಹೊರಚಾಚಿದ ಭಾಗವನ್ನು ಮರೆಮಾಡುವ ನಿಯಮ ಹಾಕಿದ್ದರೆ ಒತ್ತಿನ ತಳಭಾಗವೇ ಕತ್ತರಿಸಿಹೋಗುತ್ತದೆ. ಬರಹಕ್ಕೆ 1.6ರಿಂದ 1.8, ಶೀರ್ಷಿಕೆಗೆ 1.4ಕ್ಕಿಂತ ಹೆಚ್ಚು ಇಟ್ಟು, ಬಟನ್ನಿಗೆ ಎತ್ತರದ ಬದಲು ಒಳಅಂಚನ್ನು ಕೊಡುವುದು ಸುರಕ್ಷಿತ. ಈ ಅಂಕಿಗಳು ಫಾಂಟಿನಿಂದ ಫಾಂಟಿಗೆ ಬದಲಾಗುವುದರಿಂದ ಅವನ್ನು ಸಿಎಸ್‌ಎಸ್ ಚರಾಂಶಗಳಾಗಿ ಹೊರಗೆ ತೆಗೆದಿಡಿ.

ಶೀರ್ಷಿಕೆಗಳನ್ನು ದೊಡ್ಡಕ್ಷರಕ್ಕೆ ತಿರುಗಿಸಿ ಎದ್ದುಕಾಣುವಂತೆ ಮಾಡುವ ವಿನ್ಯಾಸ ಕನ್ನಡದಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ದಪ್ಪ ಅಥವಾ ಬಣ್ಣದಿಂದಲೇ ಆ ಕೆಲಸ ಮಾಡಬೇಕು. ವಿಭಕ್ತಿ ಪ್ರತ್ಯಯಗಳೆಲ್ಲ ಕೂಡಿಕೊಂಡು ನಮ್ಮ ಪದಗಳು ಉದ್ದವಾಗುವುದರಿಂದ, ಮೊಬೈಲಿನ ಕಿರಿದಾದ ಕಾಲಂನಲ್ಲಿ ‘ಕಾರ್ಯನಿರ್ವಾಹಕರೊಂದಿಗಿನ’ ಎಂಬಂಥ ಒಂದೇ ಪದ ಪುಟವನ್ನು ಅಡ್ಡಕ್ಕೆ ಎಳೆದುಬಿಡುತ್ತದೆ. ಪದ ಒಡೆಯಲು ಅವಕಾಶ ಕೊಡುವ ನಿಯಮವನ್ನು ಮೂಲದಲ್ಲೇ ಇಡಿ. ಪುಟದ ಭಾಷಾ ಗುರುತನ್ನು ಕೆಎನ್ ಎಂದು ಕೊಡಲು ಟೆಂಪ್ಲೇಟಿನಲ್ಲಿ ಜಾಗವಿರಲಿ. ಓದಿ ಹೇಳುವ ತಂತ್ರಾಂಶಗಳು ಸರಿಯಾದ ಧ್ವನಿಯನ್ನು ಆರಿಸಿಕೊಳ್ಳಲು ಅದನ್ನೇ ಅವಲಂಬಿಸುತ್ತವೆ.

ಫಾಂಟನ್ನು ಕತ್ತರಿಸಿ ಕೊಡುವವರು ಕನ್ನಡದ ಯುನಿಕೋಡ್ ವಲಯವನ್ನಷ್ಟೇ ಉಳಿಸಿದರೆ ಸಾಲದು. ಫ್ರೇಮ್‌ವರ್ಕ್ ಎಂದು ಬರೆಯುವಾಗ ಮ್ ಮತ್ತು ವ ಕೂಡಿ ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರಗಳು, ರೂಪಾಯಿ ಚಿಹ್ನೆ, ಪದ್ಯಗಳಲ್ಲಿ ಬರುವ ದಂಡ ಇವೆಲ್ಲ ಆ ವಲಯದ ಹೊರಗಿವೆ. ಒತ್ತುಗಳನ್ನು ಜೋಡಿಸುವ ಓಪನ್‌ಟೈಪ್ ಕೋಷ್ಟಕಗಳು ಕತ್ತರಿಯಲ್ಲಿ ಕಳೆದುಹೋದರಂತೂ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕತ್ತರಿಸಿದ ಫಾಂಟನ್ನು ಆ ಮೂಲ ಫಾಂಟ್ ಇಲ್ಲದ ಯಂತ್ರದಲ್ಲೇ ಪರೀಕ್ಷಿಸಿ. ನಿಮ್ಮ ಯಂತ್ರದಲ್ಲಿ ಬ್ರೌಸರ್ ಸದ್ದಿಲ್ಲದೆ ಬೇರೆ ಫಾಂಟಿನಿಂದ ಕೊರತೆ ತುಂಬಿಬಿಡುತ್ತದೆ.

ದಾಖಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಪರಿಚಯ ಕಡತವನ್ನು ಓದಿದವರು ಹತ್ತು ನಿಮಿಷದಲ್ಲಿ ಒಂದು ಪುಟವನ್ನು ಬ್ರೌಸರಿನಲ್ಲಿ ನೋಡುವಂತಿರಬೇಕು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಎರಡನ್ನೂ ನಿಭಾಯಿಸಲು ಆಗದಿದ್ದರೆ ಪರಿಚಯವೊಂದನ್ನಾದರೂ ಎರಡೂ ಭಾಷೆಯಲ್ಲಿಡಿ.

ಹಂತ 6: ಆವೃತ್ತಿ ಮತ್ತು ಮಾತಿಗೆ ಬದ್ಧತೆ

ಆವೃತ್ತಿ ಸಂಖ್ಯೆಯನ್ನು ಮೂರು ಅಂಕಿಗಳಲ್ಲಿ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ಪದ್ಧತಿ ಈಗ ಎಲ್ಲೆಡೆ ರೂಢಿಯಲ್ಲಿದೆ: ಹಳೆಯದನ್ನು ಮುರಿಯುವ ಬದಲಾವಣೆಗೆ ಮೊದಲ ಅಂಕಿ, ಹೊಸ ಸೌಲಭ್ಯಕ್ಕೆ ಎರಡನೆಯದು, ದೋಷ ತಿದ್ದುಪಡಿಗೆ ಮೂರನೆಯದು. ಟೆಂಪ್ಲೇಟಿನಲ್ಲಿ ‘ಮುರಿಯುವುದು’ ಎಂದರೆ ಏನೆಂದು ನೀವೇ ನಿರ್ಧರಿಸಿ ಬರೆದಿಡಬೇಕು. ಸಿಎಸ್‌ಎಸ್ ಕ್ಲಾಸ್‌ಗಳ ಹೆಸರು, ಟೆಂಪ್ಲೇಟಿನ ಬ್ಲಾಕುಗಳ ಹೆಸರು, ಚರಾಂಶಗಳ ಹೆಸರು, ಎಚ್‌ಟಿಎಂಎಲ್ ಒಳಗೂಡುವ ಕ್ರಮ ಇವು ಬಳಕೆದಾರರ ಸಾವಿರಾರು ಪುಟಗಳಲ್ಲಿ ಬರೆದುಹೋಗಿರುತ್ತವೆ. 2021ರ ಬೂಟ್‌ಸ್ಟ್ರಾಪ್ 5 ಇದಕ್ಕೆ ಒಳ್ಳೆಯ ಉದಾಹರಣೆ. ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಹೊಂದಲೆಂದು ಎಡ, ಬಲ ಎಂಬ ಅರ್ಥದ ಎಂಎಲ್, ಎಂಆರ್ ಕ್ಲಾಸ್‌ಗಳನ್ನು ಆರಂಭ, ಅಂತ್ಯ ಎಂಬ ಅರ್ಥದ ಎಂಎಸ್, ಎಂಇ ಆಗಿ ಬದಲಿಸಿದರು. ಬದಲಾವಣೆ ಸಕಾರಣವಾದದ್ದೇ, ಒಂದೊಂದು ಅಕ್ಷರದ್ದೇ. ಆದರೂ ಅದಕ್ಕೆ ಮೊದಲ ಅಂಕಿಯನ್ನು ಏರಿಸಿ, ವಲಸೆಯ ವಿವರವಾದ ಮಾರ್ಗದರ್ಶಿಯನ್ನು ಬರೆಯಬೇಕಾಯಿತು. ಹೆಸರುಗಳು ಇನ್ನೂ ಪಕ್ವವಾಗಿಲ್ಲ ಎನಿಸಿದರೆ 1.0 ಎಂದು ಘೋಷಿಸದೆ ಸೊನ್ನೆಯ ಸರಣಿಯಲ್ಲೇ ಕೆಲಕಾಲ ಇರಿ.

ಹಂತ 7: ಪ್ರಕಟಣೆ

ಗಿಟ್‌ಹಬ್‌ನಲ್ಲಿ ಹೆಚ್ಚು ಜನ ಇದ್ದಾರೆ; ಲಾಭರಹಿತ ಸಂಘವೊಂದು ಜರ್ಮನಿಯಿಂದ ನಡೆಸುವ ಕೋಡ್‌ಬರ್ಗ್ ಮುಕ್ತ ಯೋಜನೆಗಳಿಗೆಂದೇ ಇದೆ. ಹೆಸರನ್ನು ಅಂತಿಮಗೊಳಿಸುವ ಮುನ್ನ ಅದೇ ಹೆಸರಿನ ಯೋಜನೆ ಅಥವಾ ಟ್ರೇಡ್‌ಮಾರ್ಕ್ ಇದೆಯೇ ನೋಡಿ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಸಾರ್ವಜನಿಕ ಸಂಗ್ರಹವಾದ ಎನ್‌ಪಿಎಂನಲ್ಲಿ ಪ್ಯಾಕೇಜ್ ಹಾಕುವುದಾದರೆ, ಹಾಕುವ ಮುನ್ನ ‘ಡ್ರೈ ರನ್’ (ನಿಜವಾಗಿ ಪ್ರಕಟಿಸದ ಪರೀಕ್ಷೆ) ನಡೆಸಿ ಯಾವ ಕಡತಗಳು ಒಳಗೆ ಹೋಗುತ್ತಿವೆ ಎಂದು ಕಣ್ಣಾರೆ ನೋಡಿ. ಪರೀಕ್ಷೆಯ ಚಿತ್ರಗಳು, ಖಾಸಗಿ ಸೆಟ್ಟಿಂಗ್ ಕಡತಗಳು ಸೇರಿಕೊಳ್ಳುವುದು ಇಲ್ಲೇ. ಖಾತೆಗೆ ಎರಡು ಹಂತದ ದೃಢೀಕರಣ ಇರಲಿ.

ಒಮ್ಮೆ ಪ್ರಕಟಿಸಿದ ಆವೃತ್ತಿಯನ್ನು ಹಿಂತೆಗೆಯುವ ಯೋಚನೆ ಬಿಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂನಿಂದ ತೆಗೆದಾಗ, ಅದನ್ನು ಪರೋಕ್ಷವಾಗಿ ನೆಚ್ಚಿಕೊಂಡಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್ ಕೆಲಸ (ಕೋಡಿನಿಂದ ತಂತ್ರಾಂಶವನ್ನು ಕಟ್ಟುವುದು) ನಿಂತುಹೋಯಿತು. ಆಮೇಲೆ ಎನ್‌ಪಿಎಂ ನಿಯಮ ಬಿಗಿಮಾಡಿತು. ಪ್ರಕಟಿಸಿ 72 ಗಂಟೆ ಕಳೆದ ಮೇಲೆ ತೆಗೆಯುವುದು ಸುಲಭವಲ್ಲ. ದೋಷವಿದ್ದರೆ ಹೊಸ ಆವೃತ್ತಿ ಹೊರಡಿಸಿ, ಹಳೆಯದಕ್ಕೆ ಬಳಸಬೇಡಿ ಎಂಬ ಸೂಚನೆ ಅಂಟಿಸಿ. ಕಡತಗಳನ್ನು ಬೇಗ ತಲುಪಿಸುವ ಜೆಎಸ್‌ಡೆಲಿವರ್‌ನಂಥ ಸಿಡಿಎನ್ ಸೇವೆಗಳಿಂದ ನೇರವಾಗಿ ಕೊಂಡಿ ಹಾಕುವವರಿಗೆ, ನಿರ್ದಿಷ್ಟ ಆವೃತ್ತಿಯ ಸಂಖ್ಯೆ ಮತ್ತು ಕಡತದ ಹ್ಯಾಶ್ (ಕಡತ ಬದಲಾಗಿಲ್ಲ ಎಂದು ಖಚಿತಪಡಿಸುವ ಗುರುತು) ಎರಡೂ ಇರುವ ಸಾಲನ್ನೇ ದಾಖಲೆಯಲ್ಲಿ ಕೊಡಿ.

ಹಂತ 8: ಕೊಡುಗೆ, ಭದ್ರತೆ, ನಿರ್ವಹಣೆ

ಹೊರಗಿನವರು ಕೋಡ್ ಕಳಿಸಿದಾಗ ಅದರ ಹಕ್ಕಿನ ಸ್ಥಿತಿ ಏನು? ದೊಡ್ಡ ಒಪ್ಪಂದ ಪತ್ರಕ್ಕೆ ಸಹಿ ಕೇಳಿದರೆ ಸಣ್ಣ ಯೋಜನೆಗೆ ಯಾರೂ ಬರುವುದಿಲ್ಲ. ಲಿನಕ್ಸ್ ಕರ್ನಲ್ 2004ರಿಂದ ಅನುಸರಿಸುತ್ತಿರುವ ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್ ಪದ್ಧತಿ ಸಾಕು: ಇದನ್ನು ಕೊಡುವ ಹಕ್ಕು ನನಗಿದೆ ಎಂದು ಕೊಡುಗೆದಾರರು ಪ್ರತಿ ಕಮಿಟ್‌ನ ಕೊನೆಯಲ್ಲಿ ತಮ್ಮ ಹೆಸರಿನೊಂದಿಗೆ ಒಂದು ಸಾಲು ಬರೆಯುತ್ತಾರೆ. ಕೋಡ್ ಬರೆಯದವರಿಗೂ ಕೆಲಸವಿದೆ. ಅನುವಾದ, ಬೇರೆ ಬೇರೆ ಮೊಬೈಲುಗಳಲ್ಲಿ ಪರೀಕ್ಷೆ, ದೃಷ್ಟಿದೋಷ ಇರುವವರಿಂದ ಪ್ರತಿಕ್ರಿಯೆ ಇವೆಲ್ಲ ಬಿಡಿಬಿಡಿಯಾದ ಚಿಕ್ಕ ಕೆಲಸಗಳಾಗಿ ಪಟ್ಟಿಯಾಗಿದ್ದರೆ ಜನ ಸುಲಭವಾಗಿ ಕೈಜೋಡಿಸುತ್ತಾರೆ.

ಬರೀ ವಿನ್ಯಾಸಕ್ಕೆ ಭದ್ರತೆಯ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಬೂಟ್‌ಸ್ಟ್ರಾಪ್‌ನ ಟೂಲ್‌ಟಿಪ್ ಭಾಗದ ಮೂಲಕ ಪುಟದೊಳಗೆ ಪರಕೀಯ ಸ್ಕ್ರಿಪ್ಟ್ ನುಗ್ಗಿಸುವ ದೋಷವಿತ್ತು. 2019ರ ಫೆಬ್ರವರಿಯಲ್ಲಿ 3.4.1 ಮತ್ತು 4.3.1 ಆವೃತ್ತಿಗಳನ್ನು ಹೊರಡಿಸಿ ಅದನ್ನು ತಿದ್ದಲಾಯಿತು. ಟೆಂಪ್ಲೇಟಿಗೆ ಬಳಕೆದಾರರ ಪಠ್ಯವನ್ನು ತುಂಬುವ ಎಂಜಿನ್ನಿನ (ಟೆಂಪ್ಲೇಟ್ ಎಂಜಿನ್) ಸ್ವಭಾವವನ್ನೂ ತಿಳಿದಿರಬೇಕು: ಜಾಂಗೊ ಬಳಕೆದಾರರ ಪಠ್ಯದಲ್ಲಿನ ಅಪಾಯಕಾರಿ ಚಿಹ್ನೆಗಳನ್ನು ತಾನಾಗಿಯೇ ನಿಷ್ಕ್ರಿಯಗೊಳಿಸುತ್ತದೆ, ಜಿಂಜಾವನ್ನು ನೇರವಾಗಿ ಬಳಸಿದಾಗ ಆ ಸೌಲಭ್ಯವನ್ನು ನಾವೇ ಚಾಲೂ ಮಾಡಬೇಕು. ದೋಷ ಕಂಡವರು ಗುಟ್ಟಾಗಿ ತಿಳಿಸಲು ಒಂದು ಇಮೇಲ್ ವಿಳಾಸ, ಯಾವ ಆವೃತ್ತಿಗಳಿಗೆ ತಿದ್ದುಪಡಿ ಕೊಡುತ್ತೀರಿ ಎಂಬ ವಿವರ ಇವೆರಡೂ ಸೆಕ್ಯೂರಿಟಿ ಎಂಬ ಕಡತದಲ್ಲಿರಲಿ.

ಹಣದ ಮಾತೂ ಇಲ್ಲೇ ಬರುತ್ತದೆ. ಮುಕ್ತ ಪರವಾನಗಿ ಕೊಟ್ಟ ಮಾತ್ರಕ್ಕೆ ಸೇವೆ, ತರಬೇತಿ, ವಿಶೇಷ ವಿನ್ಯಾಸಗಳಿಗೆ ಹಣ ಪಡೆಯಬಾರದೆಂದಿಲ್ಲ, ಫ್ರೇಮ್‌ವರ್ಕನ್ನೇ ಮಾರಲೂ ಅಡ್ಡಿಯಿಲ್ಲ. ಬೆಂಗಳೂರಿನ ಝೆರೋಧ ಕಂಪನಿ 2024ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೊತ್ತದ, ಮುಕ್ತ ತಂತ್ರಾಂಶ ಯೋಜನೆಗಳಿಗೆ ನೆರವಾಗುವ ಫ್ಲಾಸ್ ಫಂಡ್ ಘೋಷಿಸಿತು. ಅದಕ್ಕೆ ಅರ್ಜಿ ಹಾಕಲು ಯೋಜನೆಯ ಹಣದ ಅಗತ್ಯವನ್ನು ನಿಗದಿತ ರೂಪದ ಜೇಸನ್ ಕಡತದಲ್ಲಿ ಪ್ರಕಟಿಸಬೇಕು. ಆದರೆ ಅದು ಈಗಾಗಲೇ ವ್ಯಾಪಕ ಬಳಕೆಯಲ್ಲಿರುವ ಯೋಜನೆಗಳನ್ನು ಗಮನದಲ್ಲಿಟ್ಟುಕೊಂಡದ್ದು, ಹೊಸ ಟೆಂಪ್ಲೇಟ್ ಸಂಗ್ರಹ ಅದನ್ನು ನಂಬಿ ಕೂರುವಂತಿಲ್ಲ.

ಕೆಲವು ವರ್ಷಗಳ ನಂತರ ನಿಮಗೆ ಸಮಯ ಸಿಗದೆ ಹೋಗಬಹುದು. ಆಗ ಕೇಳಿದ ಮೊದಲ ಅಪರಿಚಿತರಿಗೆ ಬೀಗದ ಕೈ ಕೊಡಬೇಡಿ. ಈವೆಂಟ್ ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜಿನ ನಿರ್ವಾಹಕರು, ನೆರವಾಗುತ್ತೇನೆಂದು ಬಂದವರಿಗೆ ಅದನ್ನು ಒಪ್ಪಿಸಿದ್ದರು. ಅದರೊಳಗೆ ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಕೊಂಡದ್ದು 2018ರ ನವೆಂಬರಿನಲ್ಲಿ ಬಯಲಾಯಿತು. ಬಹುಕಾಲದಿಂದ ಕೊಡುಗೆ ಕೊಡುತ್ತಿರುವವರಲ್ಲಿ ಒಬ್ಬರಿಗೆ ಮೊದಲು ರೆಪೊದ ಅನುಮತಿ ಮಾತ್ರ ಕೊಟ್ಟು, ಪ್ಯಾಕೇಜ್ ಪ್ರಕಟಿಸುವ ಅಧಿಕಾರವನ್ನು ಕೆಲವು ಬಿಡುಗಡೆಗಳು ಕಳೆದ ಮೇಲೆ ಕೊಡಿ. ಅಂಥವರು ಯಾರೂ ಸಿಗದಿದ್ದರೆ ರೆಪೊವನ್ನು ಆರ್ಕೈವ್ ಸ್ಥಿತಿಗೆ ತಂದು, ಪರಿಚಯ ಕಡತದ ಮೊದಲ ಸಾಲಿನಲ್ಲೇ ನಿರ್ವಹಣೆ ನಿಂತಿದೆ ಎಂದೂ ಯಾವ ದಿನಾಂಕದಿಂದ ನಿಂತಿದೆ ಎಂದೂ ಬರೆಯಿರಿ. ಪರವಾನಗಿ ಹಾಗೆಯೇ ಇರುವುದರಿಂದ ಬೇಕಾದವರು ಅದರ ನಕಲನ್ನು ಹೊಸ ಹೆಸರಿನಲ್ಲಿ ಮುಂದುವರಿಸಿಕೊಳ್ಳಬಹುದು.